ಕ್ರೋಂಪೇಟೆಯ ಬಾಲ್ಯ: ಜಮೆಯ ಜತೆ ಖರ್ಚೂ ಲೆಕ್ಕಕ್ಕೆ ಬರಲಿ

ಚೆನ್ನೈಯ ಕನ್ನಡಿಗರು ಮದುವೆ, ಉಪನಯನಗಳಲ್ಲಿ ಒಂದೆಡೆ ಸೇರಿದರೆ ಸಾಕು, ಐವತ್ತು ದಾಟಿದವರ ಮಾತು ಬಾಲ್ಯದತ್ತ ಹೊರಳುತ್ತದೆ. ಕ್ರೋಂಪೇಟೆಯಲ್ಲಿ ಬೆಳೆದವರಿಗಂತೂ ಎಷ್ಟು ಹೇಳಿದರೂ ಸಾಲದು. ಹಿತ್ತಲ ಬಾವಿ, ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್, ಮಳೆಗಾಲದ ರಾತ್ರಿ ಕಪ್ಪೆಗಳ ಕೂಗು, ಮೀಟರ್‌ಗೇಜ್ ವಿದ್ಯುತ್ ರೈಲಿನ ಸದ್ದು. ಕೇಳುವ ಮೊಮ್ಮಕ್ಕಳಿಗೆ ಅದು ಸ್ವರ್ಗವೇ ಆಗಿದ್ದಿರಬೇಕು ಎನಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಜಮೆಯ ಬದಿ ತುಂಬಿದೆ, ಖರ್ಚಿನ ಬದಿ ಖಾಲಿ ಬಿದ್ದಿದೆ.

ಊರಿನ ಹೆಸರನ್ನೇ ನೋಡೋಣ. ಅದು ಬಂದದ್ದು ಕ್ರೋಂ ಲೆದರ್ ಕಂಪನಿಯಿಂದ. ಕ್ರೋಮಿಯಂ ಲವಣ ಬಳಸಿ ಚರ್ಮ ಹದ ಮಾಡುವ ಉದ್ಯೋಗ ಪಲ್ಲಾವರಂ, ಕ್ರೋಂಪೇಟೆ ಭಾಗದಲ್ಲಿ ಬೆಳೆಯಿತು. ಅದು ನೂರಾರು ಮನೆಗಳಿಗೆ ಅನ್ನ ಕೊಟ್ಟದ್ದು ನಿಜ. ಗಾಳಿ ತಿರುಗಿದಾಗ ಮೂಗು ಮುಚ್ಚಿಕೊಳ್ಳಬೇಕಾದದ್ದೂ, ಹದದ ನೀರು ಇಂಗಿ ಅಂತರ್ಜಲ ಕೆಟ್ಟದ್ದೂ ಅಷ್ಟೇ ನಿಜ. ಪಲ್ಲಾವರಂನಲ್ಲಿ ಸಾಮೂಹಿಕ ತ್ಯಾಜ್ಯನೀರು ಶುದ್ಧೀಕರಣ ಘಟಕ ಬಂದದ್ದು 1990ರ ದಶಕದಲ್ಲಿ. ‘ಅಂದಿನ ಬಾವಿ ನೀರು ಅಮೃತ’ ಎನ್ನುವವರು ಇದನ್ನೂ ಹೇಳಬೇಕಲ್ಲವೇ?

ಬೀಚ್‌ನಿಂದ ತಾಂಬರಂವರೆಗೆ 1931ರಲ್ಲೇ ವಿದ್ಯುತ್ ರೈಲು ಓಡತೊಡಗಿತ್ತು. ಸಂಬಳದ ಮೇಲೆ ಬದುಕುವವರಿಗೆ ಪಟ್ಟಣದ ಬಾಡಿಗೆ ಎಟುಕದಿದ್ದಾಗ, ಸೀಸನ್ ಟಿಕೆಟ್ ಕೊಂಡು ದೂರದಲ್ಲಿ ವಾಸಿಸುವುದು ಸುಲಭವಾಯಿತು. ಬ್ಯಾಂಕು, ಹೋಟೆಲು, ಸರಕಾರಿ ಕಚೇರಿಗಳಲ್ಲಿ ದುಡಿಯುತ್ತಿದ್ದ ನಮ್ಮವರೂ ಹಾಗೆಯೇ ಇಲ್ಲಿಗೆ ಬಂದರು. ಅಪ್ಪ ಬೆಳಗಿನ ರೈಲು ಹಿಡಿದರೆ ಮನೆ ಸೇರುತ್ತಿದ್ದುದು ಕತ್ತಲಾದ ಮೇಲೆ. ನೀರು ಸೇದುವುದು, ಸೀಮೆಎಣ್ಣೆಗೆ ಸಾಲು ನಿಲ್ಲುವುದು, ಶಾಲೆಯಲ್ಲಿ ತಮಿಳು ಕಲಿತು ಬಂದ ಮಕ್ಕಳಿಗೆ ಸ್ಲೇಟಿನ ಮೇಲೆ ಕನ್ನಡ ಅಕ್ಷರ ತಿದ್ದಿಸುವುದು, ಎಲ್ಲವೂ ಅಮ್ಮನ ಪಾಲಿಗೆ. ಮಕ್ಕಳ ಆಟದ ಸುಖ ನಿಂತದ್ದು ಈ ದುಡಿಮೆಯ ಮೇಲೆ. ನೆನಪು ಹೇಳುವಾಗ ಬಿಟ್ಟುಹೋಗುವುದೂ ಇದೇ.

ಇನ್ನು ಆ ಆಟದ ಗದ್ದೆಗಳು ಎಲ್ಲಿ ಹೋದವು? 2,400 ಚದರ ಅಡಿಯ ಒಂದೊಂದು ‘ಗ್ರೌಂಡ್’ ಆಗಿ ಹಂಚಿಹೋದವು. ಕೊಂಡವರು ಯಾರೋ ಪರದೇಶದವರಲ್ಲ. ಭವಿಷ್ಯನಿಧಿಯಿಂದ ಹಣ ತೆಗೆದು, ಹೆಂಡತಿಯ ಬಳೆ ಅಡವಿಟ್ಟು ಸ್ವಂತ ಸೂರು ಕಟ್ಟಿದ ಮಧ್ಯಮ ವರ್ಗದವರೇ. ಅದನ್ನು ಅಪರಾಧ ಎನ್ನಲಾಗದು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದವರಿಗೆ ಬೇರೆ ದಾರಿಯೂ ಇರಲಿಲ್ಲ. ಆದರೆ ಕೆರೆಗೆ ನೀರು ಹರಿಯುವ ಜಾಗದಲ್ಲಿ ಮನೆಗಳೆದ್ದರೆ ಮಳೆನೀರಿಗೂ ಬೇರೆ ದಾರಿ ಇರುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮತ್ತು ಹೊರವಲಯಗಳು ಮುಳುಗಿದವು. 2019ರ ಬೇಸಿಗೆಯಲ್ಲಿ ಅದೇ ನಗರ ಟ್ಯಾಂಕರ್ ಲಾರಿಯ ಹಿಂದೆ ಬಿಂದಿಗೆ ಹಿಡಿದು ಓಡಿತು. ಇವೆರಡೂ ಒಂದೇ ತಪ್ಪಿನ ಎರಡು ಮುಖಗಳು ಎಂದರೆ ಅತಿಶಯೋಕ್ತಿಯಾಗಲಾರದು.

ಮೀಟರ್‌ಗೇಜ್ ರೈಲು 2004ರ ಜುಲೈಗೆ ನಿಂತಿತು. ಅದು ಮರಳಿ ಬಾರದು. ಕೆರೆಗಳ ಮಾತು ಹಾಗಲ್ಲ. ಹತ್ತಿರದ ಸೆಂಬಾಕ್ಕಂ ಕೆರೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಪುನಶ್ಚೇತನ ಕಾರ್ಯ ನಡೆದಿದೆ. 2021ರಲ್ಲಿ ಪಲ್ಲಾವರಂ ನಗರಸಭೆಯೂ ಸೇರಿ ತಾಂಬರಂ ಮಹಾನಗರಪಾಲಿಕೆಯಾಗಿದೆ. ಯಾವ ರಸ್ತೆಯ ಕೆಳಗೆ ಕಾಲುವೆ ಇತ್ತು, ಯಾವ ಬಡಾವಣೆ ಗದ್ದೆಯಾಗಿತ್ತು ಎಂಬುದು ಇಂದಿಗೂ ಗೊತ್ತಿರುವುದು ಅಲ್ಲಿ ಆಡಿ ಬೆಳೆದವರಿಗೆ. ಅಂಥವರು ವಾರ್ಡಿನ ಸಭೆಯಲ್ಲಿ ಎದ್ದು ಹೇಳಿದರೆ ಆ ನೆನಪಿಗೆ ಸಾಕ್ಷಿಯ ಬೆಲೆ ಬರುತ್ತದೆ.

ಮನೆಯಲ್ಲಿ ಮೊಮ್ಮಕ್ಕಳಿಗೂ ಕನ್ನಡದಲ್ಲೇ ಪೂರ್ತಿ ಲೆಕ್ಕ ಒಪ್ಪಿಸಬೇಕು. ಬರೀ ಸಿಹಿ ಕೇಳಿದ ಮಗು, ಕಳೆದುಹೋದ ಊರು ಎಂದು ಮರುಗಿ ಸುಮ್ಮನಾಗುತ್ತದೆ. ಪಡೆದದ್ದೂ ತೆತ್ತದ್ದೂ ತಿಳಿದ ಮಗು, ಉಳಿದಿರುವ ಕೆರೆ ಎಲ್ಲಿದೆ ಎಂದು ಕೇಳೀತು.