ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಹಿಂಗಾರಿ ಜೋಳದ ರಾಶಿ ಮುಗಿದು ಎರೆಹೊಲಗಳು ಬರಿದಾದವೆಂದರೆ ನಮ್ಮ ಕುರ್ತಕೋಟಿಯಲ್ಲಿ ಕ್ರಿಕೆಟ್ಟಿನ ಸುಗ್ಗಿ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಆಟವನ್ನು ನೋಡುತ್ತ ನಿಂತಿದ್ದೆವು. ಚೆಂಡು ಬ್ಯಾಟಿಗೆ ತಗುಲಿ ಹಿಂದಿನವನ ಕೈ ಸೇರಿತೆಂದು ಒಂದು ಪಕ್ಷ. ತಗುಲಲೇ ಇಲ್ಲವೆಂದು ಇನ್ನೊಂದು ಪಕ್ಷ. ಅಂಪೈರನಾಗಿ ನಿಂತಿದ್ದ ಹುಡುಗನು ‘ಔಟಲ್ಲ’ ಎಂದುದೇ ತಡ, ಬಯಲಿನ ಅಂಚಿನಿಂದ ಬೈಗುಳ ಸುರಿಯಿತು. ನಾಚಿಕೆಯಿಂದ ಹೇಳಬೇಕಾದ ಮಾತೆಂದರೆ, ಹಾಗೆ ಕೂಗಿದವರಲ್ಲಿ ನಾವೂ ಒಬ್ಬರು. ‘ಸಪ್ಪಳ ಕೇಳಿಸಿತಲ್ಲ!’ ಎಂಬುದೇ ನಮ್ಮ ವಾದ.

ಮನೆಗೆ ಬಂದು ಲೆಕ್ಕ ಹಾಕಿದೆವು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನಾವು ನಿಂತಿದ್ದುದು ವಿಕೆಟ್ಟಿನಿಂದ ಸುಮಾರು 70 ಮೀಟರ್ ದೂರದಲ್ಲಿ. ಎಂದರೆ ಬ್ಯಾಟಿನ ಬಳಿ ಹುಟ್ಟಿದ ಸಪ್ಪಳವು ನಮ್ಮ ಕಿವಿಗೆ ತಲಪಲು ಒಂದು ಸೆಕೆಂಡಿನ ಐದನೆಯ ಒಂದು ಪಾಲು ಬೇಕು. ಗಂಟೆಗೆ 90 ಕಿಲೋಮೀಟರ್ ವೇಗದ ಚೆಂಡು ಅಷ್ಟರಲ್ಲಿ 5 ಮೀಟರ್ ಮುಂದೆ ಹೋಗಿರುತ್ತದೆ! ನಮ್ಮ ಕಣ್ಣು ಕಂಡದ್ದೂ ಕಿವಿ ಕೇಳಿದ್ದೂ ಒಂದೇ ಕ್ಷಣದ ಸಂಗತಿಗಳಲ್ಲ. ಹುಡುಗನು ನಿಂತಿದ್ದುದು 20 ಮೀಟರ್ ದೂರದಲ್ಲಿ. ಅವನಿಗೆ ಆದ ತಡ ಸೆಕೆಂಡಿನ ನೂರರಲ್ಲಿ ಆರು ಪಾಲು ಮಾತ್ರ. ತೀರ್ಪು ಹೇಳಲು ನಮಗಿಂತ ಅವನೇ ಅರ್ಹನು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳುವುದುಂಟು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಪ್ರತಿಯೊಂದು ಅಳತೆಯ ಪಕ್ಕದಲ್ಲಿಯೂ ಅದರ ದೋಷದ ಮಿತಿಯನ್ನು ಬರೆಯಬೇಕೆಂದು ನಾವು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಕ್ರೀಡಾಪ್ರೇಮಿಯೂ ತನ್ನ ಅಭಿಪ್ರಾಯದ ಪಕ್ಕದಲ್ಲಿ ಅದನ್ನು ಬರೆದುಕೊಳ್ಳಬೇಕೆಂಬುದೇ ನಮ್ಮ ಮತ.

ಅಂಪೈರರು ತಪ್ಪುವುದಿಲ್ಲವೆಂದು ನಾವು ಹೇಳುತ್ತಿಲ್ಲ. 2008ರ ಜನವರಿಯಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರ ನಾಯಕತ್ವದಲ್ಲಿ ಭಾರತವು ಸಿಡ್ನಿಯಲ್ಲಿ ಟೆಸ್ಟ್ ಆಡಿತು. ಆಸ್ಟ್ರೇಲಿಯದ ಸೈಮಂಡ್ಸ್ 30 ಓಟ ಗಳಿಸಿದ್ದಾಗ ಚೆಂಡು ಬ್ಯಾಟಿಗೆ ತಗುಲಿ ಕೀಪರನ ಕೈ ಸೇರಿತು. ಅಂಪೈರ್ ಸ್ಟೀವ್ ಬಕ್ನರ್ ಔಟ್ ಕೊಡಲಿಲ್ಲ. ಸೈಮಂಡ್ಸ್ ಔಟಾಗದೆ 162 ಓಟ ಹೊಡೆದರು. ರಾಹುಲ್ ದ್ರಾವಿಡರಾದರೋ ಬ್ಯಾಟಿಗೆ ತಗುಲದ ಚೆಂಡಿಗೆ ಔಟಾದರು. ಭಾರತ ಸೋತಿತು. ನಮ್ಮ ದೇಶದಲ್ಲಿ ಬಕ್ನರರ ಪ್ರತಿಕೃತಿಯನ್ನು ಸುಟ್ಟರು. ಮುಂದಿನ ಟೆಸ್ಟಿನಿಂದ ಅವರನ್ನು ಬಿಡಲಾಯಿತು.

ಅದೇ ವರ್ಷದ ಜುಲೈನಲ್ಲಿ ಶ್ರೀಲಂಕೆಯಲ್ಲಿ ಕುಂಬ್ಳೆಯವರ ತಂಡದ ಪ್ರವಾಸದಲ್ಲಿಯೇ ತೀರ್ಪಿನ ಮರುಪರಿಶೀಲನೆಯ ಪ್ರಯೋಗವು ಮೊದಲಾಯಿತು. ಆದುದೇನು? ನಮ್ಮ ಆಟಗಾರರು ಪ್ರಶ್ನಿಸಿದ ತೀರ್ಪುಗಳಲ್ಲಿ ಬಹುತೇಕ ಎಲ್ಲವೂ ಸರಿಯಾಗಿದ್ದವು! ಅಂಗಳದೊಳಗಿನವರ ಕಣ್ಣೇ ಹೀಗಾದರೆ, ಟೆಲಿವಿಷನ್ನಿನ ಮುಂದೆ ಕುಳಿತ ನಮ್ಮ ಪಾಡೇನು?

ಯಂತ್ರವೂ ಸರ್ವಜ್ಞವಲ್ಲ. ಕಾಲಿಗೆ ಬಡಿದ ಚೆಂಡು ಮುಂದೆ ಎತ್ತ ಹೋಗುತ್ತಿತ್ತೆಂಬುದನ್ನು ಯಾವ ಕ್ಯಾಮೆರಾವೂ ಕಾಣಲಾರದು. ಕಂಡ ದಾರಿಯಿಂದ ಕಾಣದ ದಾರಿಯನ್ನು ಗಣಿತದಿಂದ ಊಹಿಸಬೇಕು. ಆದುದರಿಂದಲೇ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗವು ವಿಕೆಟ್ಟಿಗೆ ತಾಗುವಂತೆ ತೋರಿದರೆ ಅಂಗಳದ ಅಂಪೈರರ ತೀರ್ಪೇ ನಿಲ್ಲುತ್ತದೆ. ಇದನ್ನು ಹಾಸ್ಯಮಾಡುವವರುಂಟು. ನಮಗಾದರೋ ಇದು ತನ್ನ ದೋಷದ ಮಿತಿಯನ್ನು ತಾನೇ ಒಪ್ಪಿಕೊಳ್ಳುವ ಪ್ರಾಮಾಣಿಕತೆಯಾಗಿ ಕಾಣುತ್ತದೆ.

ಆಪಾದನೆಗೆ ಗುರಿಯಾದ ಆಟಗಾರರ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು 2010ರ ಏಷ್ಯನ್ ಕ್ರೀಡೆಗಳಲ್ಲಿ ಎರಡು ಚಿನ್ನದ ಪದಕ ಗೆದ್ದರು. 2011ರಲ್ಲಿ ಅವರ ಮೂತ್ರದ ಪರೀಕ್ಷೆಯಲ್ಲಿ ನಿಷಿದ್ಧವಾದ ಸ್ಟೀರಾಯ್ಡ್ ಕಂಡುಬಂದಿತು. ತರಬೇತುದಾರರು ಕೊಟ್ಟ ಪೂರಕ ಆಹಾರದಲ್ಲಿ ಅದು ಬೆರೆತಿತ್ತೆಂದು ಅವರು ವಾದಿಸಿದರು. ಮೊದಲು ಒಂದು ವರ್ಷದ ನಿಷೇಧ. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಿಂದ ಅದು ಎರಡು ವರ್ಷಕ್ಕೆ ಏರಿತು. ದೇಹದಲ್ಲಿ ಏನು ಹೊಕ್ಕರೂ ಅದಕ್ಕೆ ಆಟಗಾರರೇ ಹೊಣೆ ಎಂಬುದು ನಿಯಮ. ಅದು ಬೇಕಾದ ನಿಯಮವೇ. ಆದರೆ ರಾಸಾಯನಿಕ ಪರೀಕ್ಷೆಯು ‘ಏನಿದೆ’ ಎಂದು ಹೇಳುವುದೇ ಹೊರತು, ‘ಹೇಗೆ ಬಂದಿತು, ಯಾರ ಮನಸ್ಸಿನಲ್ಲಿ ಏನಿತ್ತು’ ಎಂದು ಹೇಳಲಾರದು. ಶಿಕ್ಷೆಯನ್ನು ಒಪ್ಪೋಣ, ಯಂತ್ರವು ಹೇಳದ ‘ಕಳ್ಳಿ’ ಎಂಬ ಮಾತನ್ನು ನಾವು ಸೇರಿಸುವುದು ಬೇಡ.

ಇನ್ನು ನಮ್ಮ ಪ್ರಾಣದ ಮಾತು. 2025ರ ಜೂನ್ 3ರಂದು ಬೆಂಗಳೂರಿನ ತಂಡವು ಹದಿನೆಂಟನೆಯ ಸಲಕ್ಕೆ ಐಪಿಎಲ್ ಕಪ್ಪನ್ನು ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಉಂಟಾದ ನೂಕುನುಗ್ಗಲಿನಲ್ಲಿ 11 ಜನರು ಸತ್ತರು. ಹೆಚ್ಚಿನವರು ನಿಮ್ಮ ವಯಸ್ಸಿನ ಆಸುಪಾಸಿನವರು. ಸುಮಾರು 35,000 ಜನರು ಹಿಡಿಸುವ ಸ್ಥಳಕ್ಕೆ ಲಕ್ಷಗಟ್ಟಲೆ ಜನರು ಬಂದಿದ್ದರು. ಒಂದು ಚದರ ಮೀಟರಿನಲ್ಲಿ ಆರೇಳು ಜನರು ಸೇರಿದರೆ ಗುಂಪು ನೀರಿನಂತೆ ವರ್ತಿಸುತ್ತದೆ. ಒತ್ತಡದ ಅಲೆಗಳು ಅದರೊಳಗೆ ಹಾಯುತ್ತವೆ. ಹಿಂದಿನವನು ಮೆಲ್ಲಗೆ ತಳ್ಳುತ್ತಾನೆ, ಅವನ ಕಣ್ಣಿಗೆ ಅಪಾಯವೇನೂ ಕಾಣದು. ಆ ತಳ್ಳಾಟಗಳೆಲ್ಲ ಕೂಡಿ ಮುಂದಿನವನ ಎದೆಗೂಡು ಹಿಗ್ಗದಂತಾಗುತ್ತದೆ. ಉಸಿರುಕಟ್ಟಿ ಸಾವು ಬರುತ್ತದೆ.

ಜನರನ್ನು ಕರೆಯುವವರು ಬಾಗಿಲುಗಳನ್ನೂ ಎಣಿಸತಕ್ಕದ್ದು. ಅದು ಅವರ ಹೊಣೆ. ಆದರೆ ಎಚ್ಚರ ನಮಗೂ ಬೇಕು. ಎರಡು ಭುಜಗಳಿಗೂ ಪರರ ಮೈ ತಾಗತೊಡಗಿದೊಡನೆ ಹೊರಟುಬಿಡಿರಿ. ಸಿಕ್ಕಿಬಿದ್ದರೆ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಎಡೆಮಾಡಿಕೊಳ್ಳಿರಿ. ಬಿದ್ದ ಚಪ್ಪಲಿಗಾಗಿ ಬಗ್ಗಬೇಡಿರಿ. ಅಲೆಗೆ ಎದುರಾಗದೆ, ಅದು ತಗ್ಗಿದಾಗ ಓರೆಯಾಗಿ ಅಂಚಿನ ಕಡೆಗೆ ಸರಿಯಿರಿ.

ನಿಂತ ಜಾಗದಿಂದ ನಮಗೆ ಕಾಣುವುದು ಸ್ವಲ್ಪ. ಅದನ್ನು ಮರೆತಾಗ ಅಂಪೈರನಿಗೆ ಬೈಗುಳ, ಓಟಗಾರ್ತಿಗೆ ಕಳಂಕ, ಮುಂದೆ ನಿಂತವನಿಗೆ ಮೃತ್ಯು. ಮರುದಿನ ನಾವು ಆ ಹುಡುಗನನ್ನು ಕಂಡು, ‘ತಪ್ಪಾಯಿತಪ್ಪ’ ಎಂದೆವು. ಅವನು ನಕ್ಕು, ‘ಮುಂದಿನ ಆಟಕ್ಕೆ ನೀವೇ ನಿಂದರ್ರಿ ಸರ್’ ಎಂದನು. ನಿಂತೆವು. ಮೂರನೆಯ ಓವರಿಗೇ ನಮ್ಮ ಮೇಲೆ ಕೂಗಾಟ ಆರಂಭವಾಯಿತು.