ಬಸ್ ಟಿಕೆಟ್ ನೆನಪಿಟ್ಟ ಜಾರ್ಜ್‌ಕುಟ್ಟಿ ಅರಗಿನ ಮೊಹರು ಮರೆತದ್ದು

ಮೊದಲೇ ಹೇಳಿಬಿಡ್ತೀನಿ. ಮಲಯಾಳಂನ 'ದೃಶ್ಯಂ' ಮತ್ತು 'ದೃಶ್ಯಂ 2' ಇನ್ನೂ ನೋಡಿಲ್ಲ, ಮುಂದೆ ನೋಡಬೇಕು ಅಂದುಕೊಂಡವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಕೊನೆಯ ಗುಟ್ಟನ್ನೂ ಬಿಡದೆ ಎಲ್ಲ ಬಿಚ್ಚಿಟ್ಟು ಜಗಳಕ್ಕೆ ಕೂತಿದ್ದೀನಿ. ಆಮೇಲೆ ನನ್ನನ್ನು ಬೈಯಬೇಡಿ :)

ಹೋದ ಭಾನುವಾರ ಊರಿಂದ ಅತ್ತೆ ಮಾವ ಬಂದಿದ್ದರು. ಊಟ ಆದಮೇಲೆ ಏನಾದರೂ ನೋಡೋಣ ಅಂತ 'ದೃಶ್ಯಂ 2' ಹಾಕಿದೆ. ನನಗೆ ಅದು ಎರಡನೇ ಸಲ. 2021ರ ಫೆಬ್ರವರಿಯಲ್ಲಿ ಅದು ಥಿಯೇಟರಿಗೆ ಬರದೆ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದಾಗ ರಾತ್ರಿ ಒಬ್ಬನೇ ಕೂತು ನೋಡಿ, ಮುಗಿದಾಗ ಚಪ್ಪಾಳೆ ಹೊಡೆದವನು ನಾನು. ಮಾರನೇ ದಿನ ಆಫೀಸಿನ ಮಲಯಾಳಿ ಗೆಳೆಯನಿಗೆ ಫೋನ್ ಮಾಡಿ ಹೊಗಳಿದ್ದೂ ಹೊಗಳಿದ್ದೇ. ಈ ಸಲ ಚಪ್ಪಾಳೆ ಬರಲಿಲ್ಲ. ಕಾರಣ ನಮ್ಮ ಮಾವ.

ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸರ್ವೀಸಿನಲ್ಲಿ ಕೆಲವು ವರ್ಷ ಮುದ್ದೆಮಾಲು ಕೋಣೆಯ ಬೀಗದಕೈ ಅವರ ಸೊಂಟದಲ್ಲೇ ಇತ್ತಂತೆ. ರಕ್ತದ ಕಲೆಯ ಮಚ್ಚು, ಒಡೆದ ಬಾಟಲಿ, ಸುಟ್ಟ ಸೀರೆಯ ಚೂರು, ಎಲ್ಲಕ್ಕೂ ಒಂದೊಂದು ಚೀಟಿ, ಒಂದೊಂದು ನಂಬರು. ಸಿನಿಮಾ ನೋಡುವಾಗ ಅವರು ಮಾತಾಡುವವರಲ್ಲ. ಕ್ಲೈಮ್ಯಾಕ್ಸಿನಲ್ಲಿ ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿದರು.

"ಅಲ್ರೀ, ಮೂಳೆ ಬದಲಾಯಿಸಿದ ಸರಿ. ಸೀಲು?"

ಆ ಒಂದು ಶಬ್ದಕ್ಕೆ ನನ್ನ ಐದು ವರ್ಷದ ಹಿಂದಿನ ಚಪ್ಪಾಳೆಯೆಲ್ಲಾ ವಾಪಸ್ ಹೋಯ್ತು!

ಮೊದಲ ಭಾಗದ ವಿಷಯ ಮೊದಲು ಹೇಳ್ತೀನಿ. ಜೀತು ಜೋಸೆಫ್ ಬರೆದು ನಿರ್ದೇಶಿಸಿದ 'ದೃಶ್ಯಂ' ಬಂದದ್ದು 2013ರ ಡಿಸೆಂಬರಿನಲ್ಲಿ. ಮುಂದಿನ ವರ್ಷವೇ ಪಿ. ವಾಸು ಅದನ್ನು ಕನ್ನಡಕ್ಕೆ 'ದೃಶ್ಯ' ಅಂತ ತಂದರು. ಮೋಹನ್‌ಲಾಲ್‌ರ ಜಾರ್ಜ್‌ಕುಟ್ಟಿ ಇಲ್ಲಿ ರವಿಚಂದ್ರನ್‌ರ ರಾಜೇಂದ್ರ ಪೊನ್ನಪ್ಪ ಆದ. ಮಗನನ್ನು ಕಳೆದುಕೊಂಡ ಪೊಲೀಸ್ ಅಧಿಕಾರಿಯಾಗಿ ಆಶಾ ಶರತ್ ಎರಡೂ ಕಡೆ ಇದ್ದರು. ಹಾಗಾಗಿ ಕಥೆ ನಿಮಗೆಲ್ಲ ಗೊತ್ತು. ನಾಲ್ಕನೇ ಕ್ಲಾಸೂ ಮುಗಿಸದ ಕೇಬಲ್ ಟಿವಿಯವನು. ಸಿನಿಮಾ ಹುಚ್ಚು. ಮಗಳ ವಿಡಿಯೋ ಇಟ್ಟುಕೊಂಡು ಹೆದರಿಸಲು ಬಂದ ಹುಡುಗ ಮನೆಯ ಹಿಂದೆ ಸತ್ತುಹೋಗುತ್ತಾನೆ. ಅಪ್ಪ ಹೆಣ ಮುಚ್ಚಿಡುತ್ತಾನೆ.

ಅದರಲ್ಲಿ ತೂತುಗಳಿರಲಿಲ್ಲವೇ? ಇದ್ದವು. ಊರು ಸುತ್ತಿಬಂದ ತಾರೀಕನ್ನು ಬಸ್ ಕಂಡಕ್ಟರ್, ಲಾಡ್ಜಿನವನು, ಥಿಯೇಟರಿನ ಆಪರೇಟರ್ ಎಲ್ಲರೂ ಜಾರ್ಜ್‌ಕುಟ್ಟಿ ಹೇಳಿಕೊಟ್ಟ ಹಾಗೇ ತಪ್ಪು ನೆನಪಿಟ್ಟುಕೊಳ್ಳುತ್ತಾರೆ. ಒಬ್ಬನಾದರೂ "ಇಲ್ಲಾ ಸ್ವಾಮಿ, ಅವತ್ತು ನನಗೆ ರಜಾ" ಅಂದಿದ್ದರೆ ಕಥೆ ಮುಗೀತಿತ್ತು. ಆದರೂ ನಾವು ಒಪ್ಪಿದೆವು. ಯಾಕೆ? ಅವನು ಆ ಕೆಲಸ ಮಾಡುವುದನ್ನು ನಾವು ನೋಡಿದ್ದೆವು. ಟಿಕೆಟ್ ಜೋಪಾನ ಮಾಡುವುದು, ಮತ್ತೆ ಹೋಗಿ ಅದೇ ಜನರನ್ನು ಮಾತಾಡಿಸುವುದು, ತಾರೀಕನ್ನು ಮಾತಿನ ನಡುವೆ ಮೆಲ್ಲಗೆ ಸೇರಿಸುವುದು... ಅದರ ಅರ್ಥ ನಮಗೆ ಆಮೇಲೆ ಹೊಳೆದಿರಬಹುದು, ಕೆಲಸ ಮಾತ್ರ ಕಣ್ಣೆದುರಿಗೇ ನಡೆದಿತ್ತು. ಇನ್ನೂ ಒಂದು ಮಾತು. ಇದು ಹೇಗೆ ಸಾಧ್ಯ ಅಂತ ನಾವು ಕೇಳುವ ಮೊದಲೇ ಸಿನಿಮಾದೊಳಗೆ ಗೀತಾ ಪ್ರಭಾಕರ್ ಕೇಳುತ್ತಾಳೆ, ಕೇಳಿ ಕಂಡುಹಿಡಿಯುತ್ತಾಳೆ ಕೂಡ. ಹೆಣ ಎಲ್ಲಿದೆ ಅನ್ನುವುದೊಂದನ್ನು ಮಾತ್ರ ನಿರ್ದೇಶಕರು ಕೊನೆಯವರೆಗೂ ಬಚ್ಚಿಟ್ಟರು. ಅದೂ ಮೋಸವಲ್ಲ. ಕಟ್ಟುತ್ತಿರುವ ಪೊಲೀಸ್ ಸ್ಟೇಷನ್ ಶುರುವಿನಿಂದಲೂ ಚಹಾದಂಗಡಿಯ ಎದುರಿಗೇ ಇತ್ತು. ನಾವು ಗಮನ ಕೊಡಲಿಲ್ಲ, ಅಷ್ಟೆ.

ಈಗ ಎರಡನೇ ಭಾಗ. ಆರು ವರ್ಷ ಕಳೆದಿದೆ. ಜಾರ್ಜ್‌ಕುಟ್ಟಿ ಈಗ ಥಿಯೇಟರ್ ಮಾಲೀಕ, ಒಂದು ಸಿನಿಮಾ ತೆಗೆಯುವ ಆಸೆ, ಸ್ವಲ್ಪ ಕುಡಿತ. ಪೊಲೀಸ್ ಅಂದರೆ ದೊಡ್ಡ ಮಗಳು ಇವತ್ತಿಗೂ ನಡುಗುತ್ತಾಳೆ, ಫಿಟ್ಸ್ ಬರುತ್ತದೆ. ಆಗ ಪಾಪ ಅಂದಿದ್ದ ಊರೇ ಈಗ ಬೆನ್ನ ಹಿಂದೆ ಗುಸುಗುಸು ಅನ್ನುತ್ತದೆ. ಪಕ್ಕದ ಮನೆಯ ಗಂಡ ಹೆಂಡತಿ ನಿಜವಾಗಿ ಪೊಲೀಸಿನವರು. ಇಷ್ಟೂ ಬಹಳ ಚೆನ್ನಾಗಿದೆ. ಮೀನಾ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುವಾಗಲೂ ಭಯ ಕಾಣುತ್ತದೆ.

ಅಂದು ರಾತ್ರಿ ಹೊಸ ಸ್ಟೇಷನ್ ಕಟ್ಟಡದಿಂದ ಜಾರ್ಜ್‌ಕುಟ್ಟಿ ಹೊರಗೆ ಬರುವುದನ್ನು ಜೋಸ್ ಅನ್ನುವ ಇನ್ನೊಬ್ಬ ಕೊಲೆಗಾರ ನೋಡಿರುತ್ತಾನೆ. ಜೈಲಿಂದ ಬಂದಮೇಲೆ ಅವನಿಗೆ ಅದು ನೆನಪಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಒಬ್ಬ ಓಡಿಬರಬೇಕೆ? ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಹಾಗೆ. ಆದರೆ ಇದನ್ನು ನಾನು ಕ್ಷಮಿಸ್ತೀನಿ. ಅಕಸ್ಮಾತ್ ಬಂದ ಕಷ್ಟ ಕಥೆಗೆ ಒಳ್ಳೆಯದೇ. ನಮ್ಮೆಲ್ಲರ ಬದುಕಿನಲ್ಲೂ ಕಷ್ಟ ಬರುವುದು ಹಾಗೇ ಅಲ್ಲವೇ?

ನನ್ನ ತಕರಾರು ಪಾರಾಗುವ ದಾರಿಯ ಬಗ್ಗೆ.

ಸ್ಟೇಷನ್ನಿನ ನೆಲ ಅಗೆದು ಅಸ್ಥಿ ತೆಗೆಯುತ್ತಾರೆ. ಜಾರ್ಜ್‌ಕುಟ್ಟಿ ತಪ್ಪೊಪ್ಪಿಕೊಳ್ಳುತ್ತಾನೆ. ಇಲ್ಲಿಯವರೆಗೆ ಪರವಾಗಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಹಳೆಯ ಎವಿಡೆನ್ಸ್ ಆಕ್ಟಿನ 25ನೇ ಸೆಕ್ಷನ್ ಹೇಳುವುದೇ ಅದನ್ನು, ಅಂತ ಮಾವನೂ ತಲೆಯಾಡಿಸಿದರು. ಆಮೇಲೆ ಡಿಎನ್ಎ ಹೊಂದುವುದಿಲ್ಲ ಅಂತ ವರದಿ ಬರುತ್ತದೆ. ಎಲ್ಲರೂ ದಂಗು! ಆಗ ವಿನಯಚಂದ್ರನ್ ಅನ್ನುವ ಚಿತ್ರಕಥೆಗಾರನ ಬಾಯಲ್ಲಿ ವಿವರಣೆ ಬರುತ್ತದೆ. ಜಾರ್ಜ್‌ಕುಟ್ಟಿ ಮೊದಲೇ ಸ್ಮಶಾನದ ಗುಂಡಿ ತೋಡುವವನ ಸ್ನೇಹ ಮಾಡಿ, ಯಾರೋ ಒಬ್ಬ ಯುವಕನ ಅಸ್ಥಿ ಪಡೆದು ಇಟ್ಟುಕೊಂಡಿದ್ದನಂತೆ. ಮೆಡಿಕಲ್ ಕಾಲೇಜಿನ ಸೆಕ್ಯುರಿಟಿಯವನ ಜೊತೆಗೂ ಸ್ನೇಹ ಬೆಳೆಸಿದ್ದನಂತೆ. ಅಸ್ಥಿ ಅಲ್ಲಿಗೆ ಬಂದ ರಾತ್ರಿ ಹೋಗಿ ಅದಲುಬದಲು ಮಾಡಿಬಿಟ್ಟನಂತೆ.

ಅಂತೆ, ಅಂತೆ, ಅಂತೆ! ನಮ್ಮ ಕಡೆ ಅಂತೆಕಂತೆ ಅನ್ನುವುದು ಇದಕ್ಕೇ.

ಇದು ನಡೆಯಬೇಕಾದರೆ ಏನೇನು ಕೂಡಿಬರಬೇಕು ನೋಡಿ. ಅಸ್ಥಿ ಅದೇ ಆಸ್ಪತ್ರೆಗೇ ಬರಬೇಕು. ಬಂದದ್ದು ಒಂದು ರಾತ್ರಿ ಅಲ್ಲೇ ಉಳಿಯಬೇಕು. ವರ್ಷಗಟ್ಟಲೆ ಅದೇ ಸೆಕ್ಯುರಿಟಿಯವನೇ ಅಲ್ಲಿರಬೇಕು, ಆ ರಾತ್ರಿ ಅವನದೇ ಡ್ಯೂಟಿ ಇರಬೇಕು. ಪೊಲೀಸ್ ಇಲಾಖೆಯ ಮರ್ಯಾದೆಯೇ ಪಣಕ್ಕಿಟ್ಟ ಕೇಸು, ಐಜಿ ಮಟ್ಟದವರೇ ಹಿಂದೆ ಬಿದ್ದ ಕೇಸು, ಅದಕ್ಕೆ ಕಾವಲಿಗೆ ಒಬ್ಬ ಪೇದೆಯೂ ಇರಬಾರದು. ಇದರಲ್ಲಿ ಒಂದು ತಪ್ಪಿದರೂ ಜಾರ್ಜ್‌ಕುಟ್ಟಿ ಜೈಲಿಗೆ.

ಇದೆಲ್ಲಾ ಬಿಡಿ, ಮಾವ ಹೇಳಿದ ಸೀಲಿನ ವಿಷಯಕ್ಕೆ ಬರೋಣ. ಕಾಫಿ ಕುಡೀತಾ ವಿವರಿಸಿದರು. ಪೊಲೀಸರು ಏನೇ ವಶಪಡಿಸಿಕೊಂಡರೂ ಪಂಚರನ್ನು ನಿಲ್ಲಿಸಿ ಮಹಜರು ಬರೆಯಬೇಕು. ಸಿಕ್ಕಿದ್ದನ್ನು ಕಟ್ಟಿ, ದಾರ ಸುತ್ತಿ, ಗಂಟಿನ ಮೇಲೆ ಅರಗು ಸುರಿದು ಮೊಹರು ಒತ್ತಬೇಕು. ಪರೀಕ್ಷೆಗೆ ಕಳಿಸುವಾಗ ಅದೇ ಮೊಹರಿನ ಮಾದರಿಯನ್ನೂ ಜೊತೆಗೆ ಕಳಿಸಬೇಕು. ಅಲ್ಲಿಯವರು ಎರಡನ್ನೂ ಹೋಲಿಸಿ ನೋಡಿ, ಮೊಹರುಗಳು ಸರಿಯಾಗಿದ್ದವು, ಮಾದರಿಗೆ ಹೊಂದುತ್ತಿದ್ದವು ಅಂತ ವರದಿಯಲ್ಲಿ ಬರೆಯುತ್ತಾರೆ. ಆ ಒಂದು ಸಾಲು ಇಲ್ಲದಿದ್ದರೆ ಎದುರು ವಕೀಲರು ಹಬ್ಬ ಮಾಡುತ್ತಾರೆ.

"ಡಾಕ್ಟರು ಪರೀಕ್ಷೆಗೆ ಅಂತ ಬಿಚ್ಚಿಟ್ಟಿದ್ದಾಗ ಬದಲಾಯಿಸಿರಬಹುದಲ್ಲ ಮಾವ?" ಅಂತ ಜಾರ್ಜ್‌ಕುಟ್ಟಿ ಪರ ವಕಾಲತ್ತು ಹಾಕಿದೆ.

"ಇರಬಹುದು. ಆದರೆ ಅಗೆದಾಗ ಫೋಟೋ ತೆಗೆದಿರ್ತಾರಲ್ಲ? ತಲೆಬುರುಡೆ ಎಲ್ಲಿ ಒಡೆದಿದೆ, ಹಲ್ಲು ಯಾವುದು ಇದೆ ಯಾವುದು ಇಲ್ಲ, ಎಲ್ಲಾ ದಾಖಲೆ ಆಗಿರುತ್ತೆ. ಎರಡು ಮನುಷ್ಯರ ಹಲ್ಲು ಒಂದೇ ಥರ ಇರುತ್ತಾ?" ಅಂದರು.

ನನ್ನ ವಕಾಲತ್ತು ಅಲ್ಲಿಗೆ ವಜಾ.

ಸಂಜೆ ಮಲಯಾಳಿ ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನು ನಕ್ಕ. "ನಿಮ್ಮ ಸಿನಿಮಾದಲ್ಲಿ ಹೀರೋ ಒಬ್ಬನೇ ಐವತ್ತು ಜನಕ್ಕೆ ಹೊಡೆದರೆ ಶಿಳ್ಳೆ ಹಾಕ್ತೀರ. ನಮ್ಮವನು ನಾಲ್ಕು ಮೂಳೆ ಬದಲಾಯಿಸಿದರೆ ಲಾಜಿಕ್ ಕೇಳ್ತೀರ!" ಅಂದ. ಸರಿಯಾದ ಏಟೇ. ಆದರೆ ಯೋಚಿಸಿದಾಗ ನನಗನ್ನಿಸಿದ್ದು ಇದು: ಪ್ರತಿ ಸಿನಿಮಾವೂ ಮೊದಲ ಅರ್ಧ ಗಂಟೆಯಲ್ಲಿ ನಮ್ಮ ಜೊತೆ ಒಂದು ಒಪ್ಪಂದ ಮಾಡಿಕೊಳ್ಳುತ್ತದೆ. ಐವತ್ತು ಜನಕ್ಕೆ ಹೊಡೆಯುವ ಹೀರೋ ಬರುವಾಗಲೇ ಧೂಳೆಬ್ಬಿಸಿಕೊಂಡು ಬರುತ್ತಾನೆ, ಇಲ್ಲಿ ಲೆಕ್ಕ ಕೇಳಬೇಡಿ ಅಂತ ಮೊದಲೇ ಹೇಳಿಬಿಡುತ್ತಾನೆ. 'ದೃಶ್ಯಂ' ಮಾಡಿಕೊಂಡ ಒಪ್ಪಂದ ಬೇರೆ. ಬಲ ಇಲ್ಲ, ದುಡ್ಡಿಲ್ಲ, ಓದಿಲ್ಲ, ಬಸ್ ಟಿಕೆಟ್ಟಿನಂಥ ಸಣ್ಣ ವಿಷಯವನ್ನೂ ಮರೆಯದೆ ಇರುವುದೊಂದೇ ಈ ಮನುಷ್ಯನ ಶಕ್ತಿ ಅಂತ ಹೇಳಿತ್ತು. ಹಾಗಾಗಿ ಅವನನ್ನು ಅಳೆಯಬೇಕಾದ್ದೂ ಬಸ್ ಟಿಕೆಟ್ಟಿನ ಲೆಕ್ಕದಲ್ಲೇ.

ಇನ್ನೊಂದು ಬೇಸರವಿದೆ. ಮೊದಲ ಭಾಗದಲ್ಲಿ ನಾವು ಜಾರ್ಜ್‌ಕುಟ್ಟಿಯ ಪಾಲುದಾರರು. ಎರಡನೆಯದರಲ್ಲಿ ಅವನು ಪೊಲೀಸರಿಗೆ ಸುಳ್ಳು ಹೇಳಿದ ಹಾಗೆ ನಮಗೂ ಸುಳ್ಳು ಹೇಳುತ್ತಾನೆ. ಎರಡು ಗಂಟೆ ನಾವು ಅವನ ಮುಖದಲ್ಲಿ ಕಂಡ ಆತಂಕದ ಹಿಂದೆ ಇಷ್ಟೆಲ್ಲ ತಯಾರಿ ಇತ್ತು ಅಂತ ಕೊನೆಗೆ ಗೊತ್ತಾದಾಗ ಆ ಆತಂಕದ ತೂಕವೇ ಇಳಿದುಹೋಗುತ್ತದೆ. ಅದೂ ನಾವು ನೋಡಿ ತಿಳಿದದ್ದಲ್ಲ, ಕಥೆಯೊಳಗಿನ ಒಬ್ಬ ಕಥೆಗಾರ ಬಂದು ಹೇಳಿದ್ದು. ತೂತು ಮುಚ್ಚಲು ಬರಹಗಾರ ತಾನೇ ಎದ್ದು ಬಂದು ನಿಂತ ಹಾಗಾಯಿತು.

ಮಲಯಾಳಂನವರಿಗೆ ಇದು ಬರುವುದಿಲ್ಲ ಅಂತಲ್ಲ. 1982ರಲ್ಲೇ ಕೆ. ಜಿ. ಜಾರ್ಜ್ 'ಯವನಿಕ' ಮಾಡಿದ್ದರು. ನಾಟಕ ಕಂಪನಿಯ ತಬಲಾ ವಾದಕ ಅಯ್ಯಪ್ಪನ್ ಕಾಣೆಯಾಗುತ್ತಾನೆ, ಮಮ್ಮುಟ್ಟಿ ಪೊಲೀಸ್ ಆಗಿ ವಿಚಾರಣೆಗೆ ಬರುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಾ ಹೋದಂತೆ ಆ ಅಯ್ಯಪ್ಪನ್ ಎಂಥವನು, ಅವನ ಸುತ್ತಲಿದ್ದವರು ಎಂಥವರು ಅಂತ ತಿಳಿಯುತ್ತದೆ. ಉತ್ತರ ಹುಟ್ಟುವುದು ಅಲ್ಲಿಂದಲೇ. ಯಾರೂ ಜೇಬಿನಿಂದ ಎರಡನೇ ಅಸ್ಥಿಪಂಜರ ತೆಗೆಯುವುದಿಲ್ಲ.

ಇಷ್ಟು ಹೊತ್ತು ನಾವು ಸೀಲು, ಮಹಜರು, ಡಿಎನ್ಎ ಅಂತ ಕಚ್ಚಾಡುತ್ತಿದ್ದಾಗ ಅತ್ತೆ ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮಲಯಾಳಂ ಬರದು, ಸಬ್‌ಟೈಟಲ್ ಓದಲು ಬಾರದು, ನನ್ನ ಹೆಂಡತಿ ಆಗಾಗ ಕಥೆ ಹೇಳುತ್ತಿದ್ದಳು. ನಮ್ಮ ವಾದ ಮುಗಿದ ಮೇಲೆ ಅವರು ಕೇಳಿದರು:

"ಆ ಇನ್ನೊಂದು ಹುಡುಗ ಯಾರ ಮಗ?"

ನಾವು ಮೂವರೂ ಸುಮ್ಮನಾದೆವು.

ನಿಜ ತಾನೆ? ವರುಣ್‌ನ ಅಪ್ಪ ಅಮ್ಮನಿಗೆ ಕೊನೆಗೆ ಮಗನ ಚಿತಾಭಸ್ಮ ಸಿಗುತ್ತದೆ. ಜಾರ್ಜ್‌ಕುಟ್ಟಿಯೇ ಅದನ್ನು ತಲುಪಿಸುತ್ತಾನೆ, ನಮ್ಮ ಕಣ್ಣೂ ಒದ್ದೆಯಾಗುತ್ತದೆ. ಆ ಇನ್ನೊಬ್ಬ ಯುವಕನಿಗೂ ಒಬ್ಬ ತಾಯಿ ಇರಬೇಕಲ್ಲ? ಅವಳು ವರ್ಷಕ್ಕೊಮ್ಮೆ ಬಂದು ಹೂವಿಟ್ಟು ಹೋಗುವ ಗುಂಡಿಯೊಳಗೆ ಈಗ ಏನೂ ಇಲ್ಲ. ಅವಳ ಮಗನ ಮೂಳೆ ಪೊಲೀಸರ ಕೈಯಲ್ಲಿ, ಹೆಸರಿಲ್ಲದೆ, ಒಂದು ನಂಬರಾಗಿ ಕೂತಿದೆ.

ನೋಡಿ, ಕಥೆಯ ದೊಡ್ಡ ತೂತೂ ಇಲ್ಲೇ ಇರುವುದು. ಡಿಎನ್ಎ ಹೊಂದಲಿಲ್ಲ ಅಂದ ಮಾತ್ರಕ್ಕೆ ಕೇಸು ಹೇಗೆ ಮುಗಿಯುತ್ತದೆ? ಪೊಲೀಸ್ ಸ್ಟೇಷನ್ನಿನ ನೆಲದಡಿ ಒಂದು ಹೆಣ ಸಿಕ್ಕಿದ್ದು ನಿಜ. ಜಾರ್ಜ್‌ಕುಟ್ಟಿ ಅಲ್ಲಿಂದ ಬಂದದ್ದನ್ನು ನೋಡಿದವನಿದ್ದಾನೆ. ವರುಣ್ ಅಲ್ಲದಿದ್ದರೆ ಇವನು ಯಾರು ಅಂತ ಮೊದಲ ಪ್ರಶ್ನೆ ಬರಬೇಕು. ಅಲ್ಲಿಂದ ಹೊಸ ತನಿಖೆಯೇ ಶುರುವಾಗಬೇಕು. ಸಿನಿಮಾ ಆ ಪ್ರಶ್ನೆಯ ಬೆನ್ನು ಹತ್ತುವುದಿಲ್ಲ. ಹತ್ತಿದರೆ ಜಾರ್ಜ್‌ಕುಟ್ಟಿ ಪಾರಾಗುವುದಿಲ್ಲ, ಪಾರಾದರೂ ನಮ್ಮ ಕಣ್ಣಿಗೆ ಮೊದಲಿನ ಒಳ್ಳೆಯ ಅಪ್ಪನಾಗಿ ಉಳಿಯುವುದಿಲ್ಲ. ಒಬ್ಬ ಬಡಪಾಯಿಯ ಮಗನನ್ನು ಕದ್ದು ತನ್ನ ಮಗಳನ್ನು ಉಳಿಸಿಕೊಂಡವನಾಗುತ್ತಾನೆ. ಮೊದಲ ಭಾಗದಲ್ಲಿ ಅವನು ಮಾಡಿದ್ದಕ್ಕೆಲ್ಲ ಒಂದು ಸಮಜಾಯಿಷಿ ಇತ್ತು, ಸತ್ತವನು ಮಗಳ ಮಾನಕ್ಕೆ ಕೈಹಾಕಿದವನು ಅಂತ. ಈ ಎರಡನೇ ಹುಡುಗ ಏನು ಮಾಡಿದ್ದ?

ತೂತಿದ್ದರೆ ಏನಂತೆ, ಮಜಾ ಇದ್ದರೆ ಸಾಕು ಅನ್ನುವವರಿಗೆ ನನ್ನದೊಂದೇ ಮಾತು. ಸೀಲಿನ ತೂತು ನನಗೂ ಬರೀ ತಮಾಷೆ, ಮಾವನ ಜೊತೆ ಕಾಫಿಗೆ ಒಳ್ಳೆಯ ಸಾಥ್. ಆದರೆ ಒಬ್ಬ ಮನುಷ್ಯನನ್ನೇ ತೂತು ಮುಚ್ಚುವ ಬಿರಡೆ ಮಾಡಿಕೊಂಡಾಗ ಅದು ತಮಾಷೆ ಅನ್ನಿಸಲಿಲ್ಲ. ಐದು ವರ್ಷದ ಹಿಂದೆ ಚಪ್ಪಾಳೆ ಹೊಡೆದಾಗ ನನಗೂ ಆ ಹುಡುಗ ನೆನಪಾಗಿರಲಿಲ್ಲ ಅನ್ನುವುದು ಇನ್ನೂ ನಾಚಿಕೆ. ಸಬ್‌ಟೈಟಲ್ ಓದದ ಅತ್ತೆಗೆ ಕಂಡದ್ದು ಎರಡು ಸಲ ನೋಡಿದ ನನಗೆ ಕಾಣಲಿಲ್ಲ.

ಮಾವ ಮಾತ್ರ ಊರಿಗೆ ಹೊರಡುವಾಗಲೂ ಬಿಡಲಿಲ್ಲ. ಬಸ್ ಹತ್ತುವ ಮುಂಚೆ ಹೇಳಿದರು, "ನಮ್ಮ ಕೋಣೆಯಿಂದ ಒಂದು ಗುಂಡುಸೂಜಿ ಆಚೆ ಹೋಗ್ತಿರಲಿಲ್ಲ, ಗೊತ್ತಾ?"

'ದೃಶ್ಯಂ 2' ನಿಮಗೆ ಹೇಗನ್ನಿಸಿತು? 2021ರ ಕೊನೆಗೆ ಕನ್ನಡದಲ್ಲಿ 'ದೃಶ್ಯ 2' ಕೂಡ ಬಂದಿತ್ತಲ್ಲ, ಅದನ್ನು ನೋಡಿದವರೂ ಹೇಳಿ. ನಾನು ಕಾಣದ ಉತ್ತರವೇನಾದರೂ ನಿಮಗೆ ಕಂಡಿದ್ದರೆ ಬರೆಯಿರಿ. ಮಾವನಿಗೆ ಓದಿ ಹೇಳ್ತೀನಿ. ಅತ್ತೆಯ ಪ್ರಶ್ನೆಗೆ ಉತ್ತರವಿದ್ದರೆ ಅದನ್ನು ಮೊದಲು ಬರೆಯಿರಿ.