ಮೂರನೆಯ ಚಕ್ರ ದಾಟಿದಾಗಲೇ ಗೆಲುವು

‘ಮೊದಲು ನೀನು ಮುಂದೆ ಹೋಗು, ಉಳಿದವರ ಚಿಂತೆ ಆಮೇಲೆ’. ಡಿಗ್ರಿ ಮುಗಿಸಿ ಕೆಲಸ ಹುಡುಕುವ ನಮಗೆಲ್ಲ ಸಿಗುವ ಬುದ್ಧಿಮಾತು ಇದು. ನಮ್ಮ ನೋಟ್ಸ್ ಕೊಟ್ಟರೆ ನಮ್ಮ ರ‍್ಯಾಂಕೇ ಕೆಳಗಿಳಿದೀತು ಎಂಬ ಭಯ ಬೇರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ನಿವೃತ್ತ ಸೈಕ್ಲಿಸ್ಟ್ ಲೀಸಾ ಬ್ರೆನ್ನೌವರ್ ಅವರ ವೃತ್ತಿಜೀವನ ನೋಡಿದರೆ ನೀವೂ ಒಪ್ಪಲಿಕ್ಕಿಲ್ಲ.

1988ರಲ್ಲಿ ಕೆಂಪ್ಟನ್‌ನಲ್ಲಿ ಹುಟ್ಟಿದ ಲೀಸಾ ಒಂಟಿಯಾಗಿ ಗೆಲ್ಲಬಲ್ಲವರೇ. 2014ರಲ್ಲಿ ಸ್ಪೇನ್‌ನ ಪೊನ್‌ಫೆರಾಡಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ನಲ್ಲಿ ಚಿನ್ನ ಗೆದ್ದರು. ಅಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಡುತ್ತಾರೆ, ಗಡಿಯಾರವೇ ಎದುರಾಳಿ. ಆದರೆ ಒಲಿಂಪಿಕ್ಸ್ ಚಿನ್ನ ಸಿಕ್ಕಿದ್ದು 33ನೇ ವಯಸ್ಸಿನಲ್ಲಿ. ಅದೂ ರಸ್ತೆಯಲ್ಲಲ್ಲ, ಟ್ರ್ಯಾಕ್‌ನಲ್ಲಿ. ಒಂಟಿಯಾಗಿ ಅಲ್ಲ, ತಂಡದಲ್ಲಿ.

ಟೀಮ್ ಪರ್ಸ್ಯೂಟ್ ಎಂಬ ಆ ಸ್ಪರ್ಧೆಯ ನಿಯಮ ಸ್ವಾರಸ್ಯಕರ. ನಾಲ್ವರು ಸೇರಿ 4 ಕಿ.ಮೀ. ಓಡಿಸಬೇಕು. ಸಮಯ ಲೆಕ್ಕಕ್ಕೆ ಬರುವುದು ಮೊದಲು ಗುರಿ ಮುಟ್ಟಿದವರದ್ದಲ್ಲ, ಮೂರನೆಯವರ ಚಕ್ರ ಗೆರೆ ದಾಟಿದಾಗಿನದ್ದು. ಮುಂದಿರುವವರು ಗಾಳಿಯನ್ನು ಸೀಳುತ್ತಾರೆ, ದಣಿಯುವ ಮೊದಲು ಪಕ್ಕಕ್ಕೆ ಸರಿದು ಹಿಂದೆ ಸೇರುತ್ತಾರೆ. ಬಲಶಾಲಿಯೊಬ್ಬರು ಆವೇಶದಿಂದ ಮುನ್ನುಗ್ಗಿದರೆ ಸಾಲೇ ಒಡೆಯುತ್ತದೆ. ಟೋಕಿಯೊ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಲೀಸಾ, ಫ್ರಾಂಝಿಸ್ಕಾ ಬ್ರೌಸೆ, ಲೀಸಾ ಕ್ಲೈನ್, ಮೀಕೆ ಕ್ರೋಗರ್ 4 ನಿಮಿಷ 4.242 ಸೆಕೆಂಡ್‌ಗಳ ವಿಶ್ವದಾಖಲೆಯೊಂದಿಗೆ ಬ್ರಿಟನ್ ತಂಡವನ್ನು ಮಣಿಸಿದರು.

‘ಇದು ಆಟ. ಆಯ್ಕೆ ಪಟ್ಟಿಯಲ್ಲಿ ಒಬ್ಬೊಬ್ಬರದೇ ಹೆಸರು ಬರುತ್ತದಲ್ಲ?’ ಎಂದು ನೀವು ಕೇಳಬಹುದು. ನಿಜ, ಹುದ್ದೆಗಳು ಕಡಿಮೆ, ಅರ್ಜಿಗಳು ಹೆಚ್ಚು. ಆದರೆ ಅದೇ ವರ್ಷ ರೂಬೆಯಲ್ಲಿ ನಡೆದ ವಿಶ್ವ ಟ್ರ್ಯಾಕ್ ಚಾಂಪಿಯನ್‌ಷಿಪ್‌ನ ವೈಯಕ್ತಿಕ ಪರ್ಸ್ಯೂಟ್ ನೋಡಿ: ಚಿನ್ನ ಲೀಸಾ ಬ್ರೆನ್ನೌವರ್, ಬೆಳ್ಳಿ ಬ್ರೌಸೆ, ಕಂಚು ಕ್ರೋಗರ್. ಒಬ್ಬರ ಬೆನ್ನಿಗೆ ಒಬ್ಬರು ನಿಂತು ಓಡಿಸಿದವರು ಬಿಡಿಯಾಗಿ ಎದುರಾದಾಗಲೂ ಮೂರೂ ಪದಕ ಅವರವೇ. ಜೊತೆಯವರನ್ನು ಬೆಳೆಸಿದ್ದರಿಂದ ಯಾರ ವೇಗವೂ ಕುಗ್ಗಲಿಲ್ಲ.

ನಮ್ಮ ರೂಮಿನಲ್ಲೂ, ಗ್ರಂಥಾಲಯದಲ್ಲೂ ಹೀಗೇ ಆಗಬಹುದು. ಗಣಿತ ಬಲ್ಲವರು ಗಣಿತ ಹೇಳಿಕೊಡಲಿ, ಇಂಗ್ಲಿಷ್ ಬಲ್ಲವರು ಇಂಗ್ಲಿಷ್. ಇನ್ನೊಬ್ಬರಿಗೆ ವಿವರಿಸುವಾಗಲೇ ಎಷ್ಟೋ ವಿಷಯ ನಮಗೆ ಸ್ಪಷ್ಟವಾಗುತ್ತದೆ. ಹಿಂದೆ ಬಿದ್ದ ಗೆಳೆಯನಿಗೆ ಒಂದು ಗಂಟೆ ಕೊಟ್ಟರೆ ನಮ್ಮ ಸೀಟು ಹೋಗುವುದಿಲ್ಲ.

2022ರಲ್ಲಿ ತಮ್ಮದೇ ದೇಶದ ಮ್ಯೂನಿಕ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ತಂಡದೊಂದಿಗೆ ಮತ್ತೆ ಚಿನ್ನ ಗೆದ್ದು ಲೀಸಾ ಸ್ಪರ್ಧೆಗಳಿಗೆ ವಿದಾಯ ಹೇಳಿದರು. ಮುಂದೆ ಹೋಗೋಣ ಗೆಳೆಯರೇ, ಆದರೆ ಮೂರನೆಯವರು ಎಲ್ಲಿದ್ದಾರೆಂದು ಒಮ್ಮೆ ನೋಡಿಕೊಂಡು.